ಎದುರಾಳಿಯನ್ನು ಹೊತ್ತು ನಡೆದವರು

ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಪರಿಚಿತರೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ಮಗಳು ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕಾಲೇಜಿನ ಸಾಫ್ಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಅಂತರ ಕಾಲೇಜು ಪಂದ್ಯಾವಳಿಗೆ ಬೇರೆ ಊರಿಗೆ ಹೋಗಬೇಕಾಗಿದೆ. ಕಳುಹಿಸಬಹುದೇ ಎಂಬುದು ಅವರ ಪ್ರಶ್ನೆ. ಉಡುಪು ಹೇಗಿರುತ್ತದೆ, ಜೊತೆಗೆ ಯಾರಿರುತ್ತಾರೆ, ನಮಾಝ್‌ನ ಸಮಯ ತಪ್ಪಿದರೆ ಏನು ಗತಿ, ಊರಿನವರು ಏನೆಂದಾರು ಎಂದು ಅವರು ಒಂದಾದ ಮೇಲೊಂದರಂತೆ ಕೇಳುತ್ತಾ ಹೋದರು.

ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲವೂ ಜವಾಬ್ದಾರಿಯುಳ್ಳ ತಂದೆ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇನ್ನೊಂದು ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಾವು ಯಾರೂ ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ. ಈ ಆಟ ನನ್ನ ಮಗಳನ್ನು ಎಂಥ ವ್ಯಕ್ತಿಯನ್ನಾಗಿ ರೂಪಿಸುತ್ತದೆ? ಗೆದ್ದಾಗ ಅವಳು ಹೇಗಿರುತ್ತಾಳೆ, ಸೋತಾಗ ಹೇಗಿರುತ್ತಾಳೆ, ತನ್ನೆದುರು ಆಡುವವಳನ್ನು ಅವಳು ಯಾವ ದೃಷ್ಟಿಯಿಂದ ನೋಡುತ್ತಾಳೆ? ಉತ್ತರ ಹುಡುಕಲು ಆ ಆಟದ ತವರಿಗೇ ಹೋಗುವುದು ಒಳ್ಳೆಯದು.

ಸಾಫ್ಟ್‌ಬಾಲ್ ಹುಟ್ಟಿದ್ದು ಅಮೆರಿಕದ ಶಿಕಾಗೊ ನಗರದಲ್ಲಿ, 1887ರಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಬೇಸ್‌ಬಾಲ್ ಆಟವನ್ನು ಕಿರಿದುಗೊಳಿಸಿ ಮಾಡಿದ ಆಟವಿದು. ಹೆಸರಿನಲ್ಲಿ ಮೃದುತ್ವವಿದ್ದರೂ ಇಂದು ಬಳಸುವ ಚೆಂಡು ಮೃದುವಲ್ಲ. ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ, 43 ಅಡಿ ದೂರದಿಂದ ಚೆಂಡೆಸೆಯುತ್ತಾಳೆ. ಬ್ಯಾಟ್ ಹಿಡಿದವಳಿಗೆ ಯೋಚಿಸಲು ಸಿಗುವ ಸಮಯ ಅರೆಕ್ಷಣಕ್ಕಿಂತ ಕಡಿಮೆ. ಚೆಂಡನ್ನು ಹೊಡೆದ ಮೇಲೆ ಒಂದೊಂದೂ 60 ಅಡಿ ಅಂತರದಲ್ಲಿರುವ ಬೇಸ್‌ಗಳನ್ನು ಕ್ರಮವಾಗಿ ಮುಟ್ಟುತ್ತಾ ಮರಳಿ ಹೊರಟ ಜಾಗಕ್ಕೆ ಬಂದು ಸೇರಿದರೆ ಒಂದು ರನ್. ಚೆಂಡು ಬೇಲಿಯಾಚೆ ಹೋದರೆ ಅದು ಹೋಮ್ ರನ್. ಆಗಲೂ ಎಲ್ಲ ಬೇಸ್‌ಗಳನ್ನು ಮುಟ್ಟಿಯೇ ಬರಬೇಕು. ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಈ ಮೈದಾನ ಸುಲಭವಾಗಿ ಸಿಗಲಿಲ್ಲ. ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು 1972ರಲ್ಲಿ ಬಂದ ಬಳಿಕವೇ ಅವರ ತಂಡಗಳಿಗೆ ಹಣ, ತರಬೇತುದಾರರು, ವಿದ್ಯಾರ್ಥಿವೇತನ ದೊರೆಯತೊಡಗಿದವು. ಅಲ್ಲಿನ ಕಾಲೇಜು ಕ್ರೀಡಾ ಒಕ್ಕೂಟವಾದ ಎನ್‌ಸಿಎಎ ಮಹಿಳೆಯರ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ಆರಂಭಿಸಿದ್ದು 1982ರಲ್ಲಿ. ಹಕ್ಕನ್ನು ಕೇಳಿ ಪಡೆಯಬೇಕಾಗಿ ಬಂದ ಸಮಾಜಕ್ಕೆ ಒಂದು ಮಾತನ್ನು ನೆನಪಿಸುವುದು ಅಪ್ರಸ್ತುತವಾಗದು. ಹದಿನಾಲ್ಕು ಶತಮಾನಗಳ ಹಿಂದೆ ಅರೇಬಿಯಾದ ಮರಳಿನಲ್ಲಿ ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಮೊದಲ ಸಲ ಗೆದ್ದವರು ಆಯಿಶಾ(ರ). ಕೆಲವು ಕಾಲದ ಬಳಿಕ ನಡೆದ ಓಟದಲ್ಲಿ ಪ್ರವಾದಿ(ಸ)ರು ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತು ಎಂಬರ್ಥದ ವಿನೋದದ ಮಾತಾಡಿದರೆಂದು ಅಬೂದಾವೂದ್ ಗ್ರಂಥದಲ್ಲಿ ವರದಿಯಾಗಿದೆ. ಪತ್ನಿಯ ಮುಂದೆ ಸೋತದ್ದರಿಂದ ಪ್ರವಾದಿ(ಸ)ರ ಗೌರವವೇನೂ ಕುಂದಲಿಲ್ಲ. ಆ ಸೋಲನ್ನು ಸಮುದಾಯದಿಂದ ಮುಚ್ಚಿಡಲೂ ಇಲ್ಲ, ನಮಗೆ ಅದನ್ನು ತಿಳಿಸಿದವರೇ ಗೆದ್ದ ಆಯಿಶಾ(ರ).

ಅಮೆರಿಕದ ಕಾಲೇಜು ಆಟಗಾರ್ತಿಯ ದಿನಚರಿ ನಾವು ಊಹಿಸುವಂತಹ ಮೋಜಿನದ್ದಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಪಂದ್ಯಗಳ ಋತು. ಒಂದೇ ದಿನ ಎರಡು ಪಂದ್ಯ ಆಡುವುದು ಸಾಮಾನ್ಯ. ಋತುವಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಸಮಯವನ್ನು ತಂಡ ಕಡ್ಡಾಯವಾಗಿ ಕೇಳಬಾರದೆಂಬ ನಿಯಮವಿದೆ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಹಿಡಿದರೂ ಅದನ್ನು 3 ಗಂಟೆಯೆಂದೇ ಎಣಿಸಲಾಗುತ್ತದೆ, ಬಸ್ಸಿನಲ್ಲಿ ಕಳೆಯುವ ಗಂಟೆಗಳು ಲೆಕ್ಕಕ್ಕೇ ಬರುವುದಿಲ್ಲ. ಇದರ ಜೊತೆಗೆ ತರಗತಿ, ಪರೀಕ್ಷೆ, ಪ್ರಯೋಗಾಲಯಗಳೂ ಇವೆ. ವಿದ್ಯಾರ್ಥಿವೇತನ ಎಲ್ಲರಿಗೂ ಪೂರ್ತಿ ಸಿಗುತ್ತದೆಂದು ಭಾವಿಸಬಾರದು. ಎರಡನೆಯ ಶ್ರೇಣಿಯ ಕಾಲೇಜುಗಳಲ್ಲಿ ಇಡೀ ತಂಡಕ್ಕೆ ನಿಗದಿಯಾದದ್ದು 7.2 ವಿದ್ಯಾರ್ಥಿವೇತನ, ಅದನ್ನೇ ಹತ್ತಿಪ್ಪತ್ತು ಮಂದಿಗೆ ಹಂಚಬೇಕು. ಓದು ಮುಗಿದ ಮೇಲೆ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವವರು ಬೆರಳೆಣಿಕೆಯಷ್ಟು. ಬಹುತೇಕರ ಪಾಲಿಗೆ ನಾಲ್ಕನೆಯ ವರ್ಷದ ಕೊನೆಯ ಪಂದ್ಯವೇ ಬದುಕಿನ ಕೊನೆಯ ಪಂದ್ಯ. ಬಾಲ್ಯದಿಂದ ಕಟ್ಟಿಕೊಂಡು ಬಂದದ್ದು ಒಂದು ಸಂಜೆ ಮುಗಿದುಹೋಗುತ್ತದೆ.

ಹಾಗಾದರೆ ಆ ನಾಲ್ಕು ವರ್ಷಗಳ ಬೆವರಿನಿಂದ ಉಳಿಯುವುದೇನು? ಇದಕ್ಕೆ ಉತ್ತರವಾಗಿ 2008ರ ಎಪ್ರಿಲ್ 26ರಂದು ನಡೆದ ಒಂದು ಘಟನೆಯನ್ನು ಹೇಳಬೇಕು.

ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಸೆಂಟ್ರಲ್ ವಾಷಿಂಗ್ಟನ್ ಮತ್ತು ವೆಸ್ಟರ್ನ್ ಆರೆಗನ್ ವಿಶ್ವವಿದ್ಯಾಲಯಗಳ ತಂಡಗಳು ಮುಖಾಮುಖಿಯಾಗಿದ್ದವು. ಗೆದ್ದ ತಂಡಕ್ಕೆ ಮುಂದಿನ ಹಂತದ ಆಸೆ, ಸೋತವರಿಗೆ ಋತು ಮುಗಿದಂತೆ. ಎರಡನೆಯ ಇನ್ನಿಂಗ್ಸ್‌ನಲ್ಲಿ ವೆಸ್ಟರ್ನ್ ಆರೆಗನ್‌ನ ಸಾರಾ ಟಕೋಲ್ಸ್ಕಿ ಬ್ಯಾಟ್ ಹಿಡಿದು ಬಂದಳು. ಕೊನೆಯ ವರ್ಷದ ವಿದ್ಯಾರ್ಥಿನಿ, ಗಿಡ್ಡ ಮೈಕಟ್ಟು, ಅಂಥ ಹೆಸರು ಮಾಡಿದ ಬ್ಯಾಟರ್ ಅಲ್ಲ. ಅಷ್ಟು ವರ್ಷಗಳ ಆಟದಲ್ಲಿ ಒಂದೇ ಒಂದು ಹೋಮ್ ರನ್ ಹೊಡೆದವಳಲ್ಲ. ಅಂದು ಇಬ್ಬರು ಸಂಗಾತಿಗಳು ಬೇಸ್‌ಗಳ ಮೇಲಿರುವಾಗ ಅವಳು ಹೊಡೆದ ಚೆಂಡು ಬೇಲಿಯಾಚೆ ಹೋಗಿ ಬಿತ್ತು.

ಸಂತೋಷದ ಭರದಲ್ಲಿ ಓಡಿದ ಅವಳು ಮೊದಲ ಬೇಸ್ ಮುಟ್ಟುವುದನ್ನು ಮರೆತಳು. ನೆನಪಾಗಿ ಥಟ್ಟನೆ ಹಿಂದಿರುಗಿದಾಗ ಮೊಣಕಾಲಿನ ಒಳಗಿನ ಕಟ್ಟು ಹರಿಯಿತು. ಕುಸಿದುಬಿದ್ದು, ನೆಲದ ಮೇಲೆ ತೆವಳುತ್ತಾ ಹೇಗೋ ಮೊದಲ ಬೇಸ್ ತಲುಪಿ ಅಲ್ಲೇ ಉಳಿದಳು. ಅವಳ ತಂಡದವರಾಗಲಿ ತರಬೇತುದಾರರಾಗಲಿ ನೆರವಿಗೆ ಮುಟ್ಟಿದರೆ ಅವಳು ಔಟ್ ಎಂದರು ಅಂಪೈರ್. ಬದಲಿ ಆಟಗಾರ್ತಿಯನ್ನು ನಿಲ್ಲಿಸಿದರೆ ಹೋಮ್ ರನ್ ರದ್ದಾಗಿ ಬರೇ ಒಂದು ಬೇಸ್‌ನ ಹೊಡೆತವೆಂದು ಪರಿಗಣಿಸಲಾಗುತ್ತದೆ. ಅವಳ ಬದುಕಿನ ಏಕೈಕ ಹೋಮ್ ರನ್ ಕಣ್ಣೆದುರೇ ಅಳಿಸಿಹೋಗುವುದರಲ್ಲಿತ್ತು.

ಆಗ ಎದುರಾಳಿ ತಂಡದಿಂದ ಮ್ಯಾಲರಿ ಹಾಲ್ಟ್‌ಮನ್ ಮುಂದೆ ಬಂದಳು. ಅವಳು ಆ ಕೂಟದಲ್ಲೇ ಅತಿ ಹೆಚ್ಚು ಹೋಮ್ ರನ್ ಬಾರಿಸಿದ ದಾಖಲೆಯವಳು. ಅವಳದೂ ಅದು ಕೊನೆಯ ವರ್ಷ. ನಾವು ಅವಳನ್ನು ಎತ್ತಿಕೊಂಡು ಹೋಗಬಹುದೇ ಎಂದು ಅಂಪೈರನ್ನು ಕೇಳಿದಳು. ಎದುರಾಳಿಗಳು ಎತ್ತಬಾರದೆಂದು ಹೇಳುವ ನಿಯಮ ಯಾವುದೂ ಇರಲಿಲ್ಲ. ಅಂಥದ್ದೊಂದು ನಡೆಯಬಹುದೆಂದು ನಿಯಮ ಬರೆದವರು ಊಹಿಸಿಯೇ ಇರಲಿಲ್ಲವೇನೋ. ಹಾಲ್ಟ್‌ಮನ್ ಮತ್ತು ಅವಳ ಸಂಗಾತಿ ಲಿಜ್ ವಾಲೇಸ್ ಇಬ್ಬರೂ ಸಾರಾಳನ್ನು ಕೈಗಳ ಮೇಲೆ ಎತ್ತಿಕೊಂಡರು. ಪ್ರತಿ ಬೇಸ್‌ನ ಬಳಿ ಮೆಲ್ಲನೆ ಕೆಳಗಿಳಿಸಿ, ನೋವಿಲ್ಲದ ಕಾಲಿನಿಂದ ಬೇಸ್ ಮುಟ್ಟಿಸಿ, ಮತ್ತೆ ಎತ್ತಿಕೊಂಡು ನಡೆದರು. ಹೀಗೆ 180 ಅಡಿ. ತಮ್ಮ ವಿರುದ್ಧದ ರನ್ನನ್ನು ತಾವೇ ಹೊತ್ತು ತಂದು ಒಪ್ಪಿಸಿದರು. ಪಂದ್ಯ 4-2ರಿಂದ ವೆಸ್ಟರ್ನ್ ಆರೆಗನ್ ಪಾಲಾಯಿತು. ಸೆಂಟ್ರಲ್ ವಾಷಿಂಗ್ಟನ್‌ನ ಮುಂದಿನ ಹಂತದ ಆಸೆ ಅಲ್ಲಿಗೆ ಮುಗಿಯಿತು.

ಈ ಘಟನೆಗೆ ಒಂದು ಬಾಲಂಗೋಚಿಯಿದೆ. ಅಂದಿನ ಅಂಪೈರ್ ತೀರ್ಪೇ ತಪ್ಪಾಗಿತ್ತು. ಗಾಯಗೊಂಡವಳ ಬದಲಿಗೆ ಇನ್ನೊಬ್ಬಳು ಉಳಿದ ಬೇಸ್‌ಗಳನ್ನು ಮುಟ್ಟಿ ಬಂದು ಹೋಮ್ ರನ್ ಪೂರ್ಣಗೊಳಿಸಲು ನಿಯಮಪುಸ್ತಕದಲ್ಲಿ ಅವಕಾಶವಿತ್ತೆಂದು ಅನಂತರ ತಿಳಿದುಬಂತು. ನಿಯಮವನ್ನು ಬಲ್ಲವರು ನೆನಪು ತಪ್ಪಬಹುದು, ನಿಯಮದ ಪುಟ ಆ ಹೊತ್ತಿಗೆ ಕೈಗೆ ಸಿಗದಿರಬಹುದು. ಅಂಥ ಹೊತ್ತಿನಲ್ಲಿ ಒಬ್ಬರ ಹಕ್ಕನ್ನು ಉಳಿಸಿದ್ದು ಎದುರಿಗಿದ್ದವರ ಸ್ವಭಾವ.

ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 90ನೇ ಸೂಕ್ತವನ್ನು ನಾವು ಜುಮಾ ಖುತ್ಬಾದ ಕೊನೆಯಲ್ಲಿ ಕೇಳುತ್ತಲೇ ಇರುತ್ತೇವೆ. ಅಲ್ಲಿ ಅಲ್ಲಾಹನು ಅದ್ಲ್ ಮತ್ತು ಇಹ್ಸಾನ್ ಎರಡನ್ನೂ ಒಟ್ಟಿಗೆ ಆದೇಶಿಸುತ್ತಾನೆ. ಅದ್ಲ್ ಎಂದರೆ ನ್ಯಾಯ, ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟನ್ನು ಕೊಡುವುದು. ಇಹ್ಸಾನ್ ಎಂದರೆ ಅದಕ್ಕಿಂತ ಮುಂದಿನ ಹೆಜ್ಜೆ, ಸಲ್ಲಬೇಕಾದುದಕ್ಕಿಂತ ಹೆಚ್ಚಿನದನ್ನು ಮನಸಾರೆ ನೀಡುವುದು. ಆ ಇಬ್ಬರು ಹುಡುಗಿಯರು ಸುಮ್ಮನೆ ನಿಂತಿದ್ದರೆ ಅವರನ್ನು ಯಾರೂ ಅನ್ಯಾಯಗಾರರೆನ್ನುತ್ತಿರಲಿಲ್ಲ. ನಿಯಮ ಅವರ ಪರವಾಗಿತ್ತು, ಲಾಭವೂ ಅವರದೇ ಆಗುತ್ತಿತ್ತು. ಚೆಂಡು ಬೇಲಿ ದಾಟಿದೆ, ಆ ಹೊಡೆತದ ಫಲ ಅವಳದು ಎಂಬ ಒಂದೇ ವಿಚಾರ ಅವರಿಗೆ ಸಾಕಾಯಿತು. ಅವರು ನಮ್ಮ ಧರ್ಮದವರಲ್ಲ, ಈ ಸೂಕ್ತವನ್ನು ಕೇಳಿದವರೂ ಅಲ್ಲದಿರಬಹುದು. ವಾರವಾರವೂ ಕೇಳುವ ನಮಗೆ ಅದು ನಾಚಿಕೆಯ ವಿಷಯವಾಗಬೇಕೇ ಹೊರತು ಅವರ ಸತ್ಕಾರ್ಯವನ್ನು ಕಡೆಗಣಿಸಲು ಕಾರಣವಾಗಬಾರದು. ಒಳಿತು ಎಲ್ಲಿ ಕಂಡರೂ ಅದನ್ನು ಒಳಿತೆಂದೇ ಗುರುತಿಸುವುದು ಸತ್ಯವಿಶ್ವಾಸಿಯ ಲಕ್ಷಣ.

ಎದುರಾಳಿಯ ವಿಷಯದಲ್ಲಿ ಕುರ್‌ಆನ್ ನಮ್ಮನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿದೆ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದು, ನ್ಯಾಯವೇ ಧರ್ಮನಿಷ್ಠೆಗೆ ಹತ್ತಿರವಾದುದು ಎಂಬುದು ಅಲ್ ಮಾಇದ ಅಧ್ಯಾಯದ 8ನೇ ಸೂಕ್ತದ ಆಶಯ. ದ್ವೇಷವಿರುವಲ್ಲೇ ಹೀಗಿರುವಾಗ, ಬರೇ ಬೇರೆ ಬಣ್ಣದ ಅಂಗಿ ತೊಟ್ಟು ಆಡಲು ಬಂದವರೊಂದಿಗೆ ನಾವು ಹೇಗಿರಬೇಕು?

ಈ ಪ್ರಶ್ನೆಯನ್ನು ನಮ್ಮ ಮೊಹಲ್ಲಾಗಳಿಗೆ ತಂದು ನೋಡೋಣ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಸುಗ್ಗಿ. ರಾತ್ರಿಯ ದೀಪದ ಬೆಳಕಿನಲ್ಲಿ ಆಟ, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ, ಟ್ರೋಫಿಯ ಜೊತೆಗೆ ನಗದು ಬಹುಮಾನ. ಅಂಪೈರ್‌ನ ಒಂದು ತೀರ್ಮಾನಕ್ಕಾಗಿ ಅಂಗಿಯ ಕಾಲರ್ ಹಿಡಿದ ದೃಶ್ಯಗಳನ್ನು ನಮ್ಮಲ್ಲಿ ನೋಡದವರು ಯಾರು? ಪಕ್ಕದ ಊರಿನ ತಂಡದೊಂದಿಗಿನ ಜಗಳ ವರ್ಷಗಟ್ಟಲೆ ಸಲಾಂ ಮುರಿದದ್ದಿದೆ. ಎದುರು ತಂಡ ಬೇರೆ ಧರ್ಮದವರದ್ದಾದರಂತೂ ಒಂದು ರನ್ ಔಟಿನ ಜಗಳಕ್ಕೆ ಇಡೀ ಊರಿನ ನೆಮ್ಮದಿಯನ್ನು ಪಣಕ್ಕಿಡುವ ಅಪಾಯವಿದೆ. ಕುಸ್ತಿಯಲ್ಲಿ ಇನ್ನೊಬ್ಬನನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳೆರಡೂ ಉಲ್ಲೇಖಿಸಿವೆ. ಆ ಬೋಧನೆಗೆ ಅಂಥ ರಾತ್ರಿಗಿಂತ ತಕ್ಕ ಸಂದರ್ಭ ಬೇರೆ ಯಾವುದಿದೆ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಆಟವೆಂಬುದೇ ವ್ಯರ್ಥ ಕಾಲಹರಣ, ಅದಕ್ಕೆ ಇಷ್ಟೊಂದು ಧಾರ್ಮಿಕ ಮಹತ್ವವೇಕೆ ಎಂದು ಕೆಲವರು ಕೇಳುತ್ತಾರೆ. ಆಟವೇ ಗುರಿಯಾದರೆ ಆ ಮಾತು ನಿಜ. ನಮಾಝನ್ನು ಮರೆಸುವ, ಜೂಜಿಗೆ ದಾರಿಯಾಗುವ, ಮರ್ಯಾದೆಯ ಎಲ್ಲೆ ಮೀರಿಸುವ ಆಟ ನಮಗೆ ಬೇಡ. ಆದರೆ ಪ್ರವಾದಿ(ಸ)ರು ಕುದುರೆ ಓಟ, ಬಿಲ್ವಿದ್ಯೆಗಳನ್ನು ಪ್ರೋತ್ಸಾಹಿಸಿದರು. ಒಂಟೆಗಳ ಓಟದಲ್ಲಿ ತಮ್ಮ ಒಂಟೆಯೂ ಸೋತುದನ್ನು ಕಂಡರು. ಆ ಒಂಟೆಯ ಹೆಸರು ಅಲ್ ಅದ್ಬಾ. ಅದನ್ನು ಯಾವ ಒಂಟೆಯೂ ಹಿಂದಿಕ್ಕಿದ್ದಿಲ್ಲ. ಒಂದು ದಿನ ಮರುಭೂಮಿಯ ಹಳ್ಳಿಗನೊಬ್ಬ ತನ್ನ ಎಳೆಯ ಒಂಟೆಯೇರಿ ಬಂದು ಅದನ್ನು ಸೋಲಿಸಿದ. ಸಹಾಬಿಗಳಿಗೆ ಬಹಳ ನೋವಾಯಿತು. ಈ ಲೋಕದಲ್ಲಿ ಏನೇ ಮೇಲೇರಲಿ, ಅಲ್ಲಾಹನು ಅದನ್ನು ಇಳಿಸದೆ ಬಿಡುವುದಿಲ್ಲ ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರೆಂದು ಬುಖಾರಿಯಲ್ಲಿದೆ. ಸೋಲಿಸಿದ ಹಳ್ಳಿಗನ ಮೇಲೆ ಸಿಟ್ಟಿಲ್ಲ, ಸೋತ ಒಂಟೆಯ ಮೇಲೆ ಬೇಸರವಿಲ್ಲ. ಗೆಲುವು ಶಾಶ್ವತವಲ್ಲವೆಂಬ ಪಾಠವನ್ನು ಸಹಾಬಿಗಳು ಅಂದು ಒಂದು ಓಟದ ಪಂದ್ಯದ ಬದಿಯಲ್ಲಿ ನಿಂತು ಕಲಿತರು.

ಈ ಪಾಠ ಸಿಗದ ಆಟಗಾರರ ಸ್ಥಿತಿ ಕಷ್ಟಕರವಾದುದು. ಇಂದು ಕಾಲೇಜು ಕ್ರೀಡೆಯಲ್ಲಿ ಹಣ ಹರಿಯುತ್ತಿದೆ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. 2024ರಲ್ಲಿ ಸಾಫ್ಟ್‌ಬಾಲ್ ಪಿಚರ್ ಒಬ್ಬಳಿಗೆ ಒಂದು ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಹೆಚ್ಚಿನ ಒಪ್ಪಂದ ದೊರೆಯಿತು. ದುಡಿದವರ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತ ನಾವು ಅದನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಬೆಲೆ ಏರಿದಂತೆಲ್ಲ ನಿರೀಕ್ಷೆಯ ಭಾರವೂ ಏರುತ್ತದೆ. ಅಂಕಪಟ್ಟಿಯಲ್ಲಿನ ಸಂಖ್ಯೆಯೇ ತಾನು ಎಂದು ಇಪ್ಪತ್ತು ವರ್ಷದ ಮಗು ನಂಬತೊಡಗುವುದು ಇಂಥಲ್ಲಿಯೇ.

ಭಾರ ಹಣದಿಂದ ಮಾತ್ರ ಬರುವುದೂ ಅಲ್ಲ. 2022ರ ಎಪ್ರಿಲ್‌ನಲ್ಲಿ ವರ್ಜೀನಿಯಾ ರಾಜ್ಯದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದ ಎಳೆಯ ಆಟಗಾರ್ತಿಯೊಬ್ಬಳು, ವಾರದ ಶ್ರೇಷ್ಠ ಆಟಗಾರ್ತಿಯೆಂಬ ಗೌರವ ಪಡೆದ ಬೆನ್ನಲ್ಲೇ ತನ್ನ ಜೀವವನ್ನು ಕಳೆದುಕೊಂಡಳು. ಹಿಂದಿನ ವರ್ಷವಷ್ಟೇ ಆ ತಂಡ ರಾಷ್ಟ್ರಮಟ್ಟದ ಅಂತಿಮ ಸುತ್ತಿನಲ್ಲಿ ಅಗ್ರ ತಂಡವಾದ ಓಕ್ಲಹೋಮವನ್ನು ಒಂದು ಪಂದ್ಯದಲ್ಲಿ ಸೋಲಿಸಿ ಎಲ್ಲರ ಕಣ್ಣು ಸೆಳೆದಿತ್ತು. ಆ ಹುಡುಗಿಯ ಮನದಲ್ಲಿ ಏನಿತ್ತೆಂದು ಅಲ್ಲಾಹನಷ್ಟೇ ಬಲ್ಲ, ನಾವು ಊಹಿಸುವುದು ಸಲ್ಲದು. ತಂಡ ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ಕೈಬಿಟ್ಟಿತು. ಆಟಕ್ಕಿಂತ ಜೀವ ದೊಡ್ಡದೆಂದು ಹೇಳಲು ಅವರಿಗೆ ಉಳಿದಿದ್ದ ದಾರಿ ಅದೊಂದೇ. ಚೆನ್ನಾಗಿ ಆಡುತ್ತಿರುವವರು ಚೆನ್ನಾಗಿಯೇ ಇದ್ದಾರೆಂದು ನಾವು ಭಾವಿಸಬಾರದು. ಪರೀಕ್ಷೆಯಲ್ಲಿ ತೊಂಬತ್ತೈದು ಅಂಕ ತರುವ ಮಗನಿಗೂ ಈ ಮಾತು ಅನ್ವಯಿಸುತ್ತದೆ, ಕುರ್‌ಆನ್ ಕಂಠಪಾಠ ಮಾಡುತ್ತಿರುವ ಮಗುವಿಗೂ ಅನ್ವಯಿಸುತ್ತದೆ.

ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರು ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್‌ನಲ್ಲಿ ಕಳೆಯುತ್ತಿರುವುದು ತಿಳಿದಾಗ ಪ್ರವಾದಿ(ಸ)ರು ಅವರನ್ನು ಹೊಗಳಲಿಲ್ಲ. ನಿನ್ನ ದೇಹಕ್ಕೂ ಕಣ್ಣಿಗೂ ಮಡದಿಗೂ ನಿನ್ನ ಮೇಲೆ ಹಕ್ಕಿದೆಯೆಂದು ನೆನಪಿಸಿದರು. ಆರಾಧನೆಗೇ ಮಿತಿ ಹೇಳಿದ ಧರ್ಮ, ಟ್ರೋಫಿಗಾಗಿ ಮೈಮನಸ್ಸನ್ನು ಸವೆಸುವುದನ್ನು ಒಪ್ಪುತ್ತದೆಯೇ?

ಮೆಟ್ಟಿಲ ಬಳಿ ನಿಂತಿದ್ದ ಆ ತಂದೆಗೆ ನಾನು ಹೇಳಿದ್ದು ಇಷ್ಟು. ಕಳುಹಿಸಿ. ಈ ಆಟದಲ್ಲಿ ಉದ್ದ ತೋಳಿನ ಅಂಗಿ, ಪೂರ್ಣ ಪ್ಯಾಂಟ್ ತೊಟ್ಟು, ತಲೆ ಮುಚ್ಚಿ ಆಡಲು ಅಡ್ಡಿಯಾಗುವಂಥದ್ದೇನೂ ಇಲ್ಲ. ತರಬೇತುದಾರರೊಂದಿಗೆ ಮೊದಲೇ ಮಾತಾಡಿ, ಜೊತೆಗೆ ಹೋಗುವ ಅಧ್ಯಾಪಿಕೆಯ ಪರಿಚಯ ಮಾಡಿಕೊಳ್ಳಿ. ಸಾಧ್ಯವಾದರೆ ನೀವೋ ಅವಳ ತಾಯಿಯೋ ಜೊತೆಗೆ ಹೋಗಿ. ಪ್ರಯಾಣದಲ್ಲಿ ನಮಾಝನ್ನು ಕಿರಿದುಗೊಳಿಸಿ ನಿರ್ವಹಿಸುವ ರಿಯಾಯಿತಿ ಶರೀಅತ್ತಿನಲ್ಲೇ ಇದೆ, ಆ ಕ್ರಮವನ್ನು ಅವಳಿಗೆ ಕಲಿಸಿಕೊಡಿ. ಪಂದ್ಯ ರಮಝಾನಿನಲ್ಲಿ ಬಂದರೆ ಉಪವಾಸದ ವಿಷಯವನ್ನು ಬಲ್ಲ ವಿದ್ವಾಂಸರಲ್ಲಿ ಮುಂಚಿತವಾಗಿ ಕೇಳಿ, ಅವಳನ್ನು ಒಬ್ಬಂಟಿಯಾಗಿ ಗೊಂದಲಕ್ಕೆ ತಳ್ಳಬೇಡಿ. ಊರಿನವರು ಏನೆನ್ನುತ್ತಾರೆಂಬ ಪ್ರಶ್ನೆಯನ್ನು ಇಲ್ಲಿಯೇ ಬಿಟ್ಟುಹೋಗಿ.

ಆಮೇಲೆ ಒಂದು ಮಾತು ಸೇರಿಸಿದೆ. ಅವಳು ಮನೆಗೆ ಮರಳಿದಾಗ ಗೆದ್ದೆಯಾ ಎಂದು ಮೊದಲು ಕೇಳಬೇಡಿ. ಆಯಾಸವಾಗಿದೆಯೇ ಎಂದು ಕೇಳಿ, ನಮಾಝ್ ಹೇಗೆ ನಿಭಾಯಿಸಿದೆ ಎಂದು ಕೇಳಿ. ಎದುರಾಳಿ ತಂಡದಲ್ಲಿ ಯಾರ ಪರಿಚಯವಾಯಿತು, ಯಾರಾದರೂ ಬಿದ್ದಾಗ ಕೈ ಕೊಟ್ಟೆಯಾ ಎಂದು ಕೇಳಿ. ಗೆಲುವು ಸೋಲಿನ ಸುದ್ದಿ ಹೇಗೂ ಬರುತ್ತದೆ. ಅದು ಎರಡನೆಯ ಮಾತಾಗಿ ಬರಲಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ಅವಳ ಅಣ್ಣನಿಗೂ ಇದನ್ನು ಹೇಳಬೇಕಾಗಿದೆ ಎಂದರು. ನಿಜವೆನಿಸಿತು. ಮಗಳ ಆಟದ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು, ರಾತ್ರಿ ಪಂದ್ಯಾವಳಿಗೆ ಹೊರಟ ಮಗನ ನಮಾಝ್, ನಾಲಗೆ, ನಡತೆಗಳ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಿದ್ದೇವೆಯೇ?

ಈ ಬದುಕೂ ಒಂದು ಸೀಮಿತ ಅವಧಿಯ ಅವಕಾಶ. ಕೊನೆಯ ಪಂದ್ಯ ಯಾವುದೆಂದು ನಮಗೆ ತಿಳಿಸಲಾಗುವುದಿಲ್ಲ. ನಾಳೆ ಪರಲೋಕದಲ್ಲಿ ತೂಗಲ್ಪಡುವುದು ನಾವು ಯಾರನ್ನು ಸೋಲಿಸಿದೆವು ಎಂಬುದಲ್ಲ, ಬಿದ್ದವರೊಂದಿಗೆ ಹೇಗೆ ನಡೆದುಕೊಂಡೆವು ಎಂಬುದು. ನ್ಯಾಯದ ಎಲ್ಲೆಯಲ್ಲಿ ನಿಲ್ಲುವುದರ ಜೊತೆಗೆ ಅದನ್ನು ದಾಟಿ ಇಹ್ಸಾನಿನತ್ತ ಒಂದು ಹೆಜ್ಜೆ ಇಡುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.